ಪಾಯಿಂಟಿಗೆ ಕೈ ಹಾಕಿದವನು

ದಾದಾಪೀರ್ ಸಾಬರು ಬಾನೆಟ್ ಎತ್ತುವ ಮೊದಲು ಗಾಡಿಯವನ ಮುಖ ನೋಡುತ್ತಿದ್ದರು. "ಯಾರು ಕೈ ಹಾಕಿದ್ರು?" ಉತ್ತರ ಬರುವ ತನಕ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ನನ್ನ ಹಳೆಯ ಅಂಬಾಸಿಡರಿನ ಪಾಯಿಂಟ್ ನೋಡಬಲ್ಲವರು ಚನ್ನಗಿರಿಯಲ್ಲಿ ಅವರೊಬ್ಬರೇ ಉಳಿದಿದ್ದರು. ಕಿಡಿ ಹೊತ್ತಿಸಲು ತೆರೆದು ಮುಚ್ಚುವ ಆ ಪುಟ್ಟ ಪಾಯಿಂಟಿನ ಸಂದಿ ಅಳೆಯಲು ಜೇಬಿನಿಂದ ಲಗ್ನಪತ್ರಿಕೆಯ ತುಂಡು ತೆಗೆಯುತ್ತಿದ್ದರು. "ಸಾಹುಕಾರ್ರ ಮದ್ವೆ ಕಾರ್ಡು ಬ್ಯಾಡ, ದಪ್ಪ ಇರ್ತಾವೆ. ಬಡವ್ರದೇ ಸರಿಯಾಗಿ ಕೂರ್ತೈತೆ" ಎನ್ನುತ್ತಿದ್ದರು.

ಈಗ ಮದುವೆಗೆ ಹಳೆಯ ಕಾರೇ ಬೇಕೆನ್ನುವ ಶೋಕಿ ಬಂದಿದೆ. ನನ್ನ ಹೊಟ್ಟೆಪಾಡು ಅದರಲ್ಲೇ. ಹೋದ ವರ್ಷ ನಮ್ಮ ಸಂತೇಬೆನ್ನೂರಿನ ಮದುಮಗನನ್ನು ಮುಹೂರ್ತಕ್ಕೆ ಹೊನ್ನಾಳಿ ಮುಟ್ಟಿಸಬೇಕಿತ್ತು. ಹಿಂದಿನ ಸಂಜೆ ಸಾಬರನ್ನು ಕೇಳದೆ ನಾನೇ ಪಾಯಿಂಟ್ ಬಿಚ್ಚಿ, ಉಜ್ಜಿ, ಕೂರಿಸಿದ್ದೆ. ಚನ್ನಗಿರಿ ದಾಟುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು.

ಫೋನ್ ಮಾಡಿದ ಕೂಡಲೇ ಸಾಬರು ಮೊಪೆಡ್‌ನಲ್ಲಿ ಬಂದರು. ಮದುಮಗನ ತಂದೆ ವಾಚು ನೋಡುತ್ತ ರಸ್ತೆಯಲ್ಲೇ ಓಡಾಡುತ್ತಿದ್ದರು. "ಇದನ್ನ ಗುಜರಿಗೆ ಹಾಕೋದು ಬಿಟ್ಟು ಬಾಡಿಗಿಗೆ ಬಿಡ್ತೀರಲ್ರೀ. ಮುಹೂರ್ತ ತಪ್ಪಿದ್ರೆ ಬೀಗ್ರಿಗೆ ಏನಂತ ಹೇಳಾದು?"

ಸಾಬರು ನನ್ನ ಮುಖ ನೋಡಿದರು. "ಯಾರು ಕೈ ಹಾಕಿದ್ರು?"

"ಯಾರೂ ಇಲ್ಲ. ಮೊನ್ನೆ ನೀವೇ ಮಾಡಿದ್ದಲ್ವಾ" ಎಂದೆ.

ನನ್ನ ಮಾತು ನಂಬಿ, ತಾವು ಕೂರಿಸಿದ ಪಾಯಿಂಟ್ ಸರಿಯೇ ಇದೆಯೆಂದು ಅವರು ಪೆಟ್ರೋಲು, ಪ್ಲಗ್ಗು, ಕಾಯಿಲ್ ನೋಡುತ್ತ ಹೋದರು. ತಪ್ಪು ಎಲ್ಲಿದೆಯೆಂದು ನನಗೆ ಗುಮಾನಿಯಿತ್ತು. ಹೊತ್ತು ಏರುತ್ತಿದ್ದರೂ ಅವರು ಕೇಳಿದ ಸ್ಪ್ಯಾನರ್ ಎತ್ತಿಕೊಡುತ್ತ ನಿಂತೆ. ಕೊನೆಗೆ ಅವರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ವೈರಿನ ಕೆಳಗಿನ ಫೈಬರ್ ವಾಷರನ್ನು ನಾನು ಓರೆಯಾಗಿ ಕೂರಿಸಿದ್ದೆ. ಅದು ಅದುರಿ ಜರುಗಿ, ವೈರು ಕಬ್ಬಿಣಕ್ಕೆ ತಾಗಿ, ಕಿಡಿ ಸತ್ತಿತ್ತು.

"ಯಾರದ್ರೀ ಈ ಕೆಲ್ಸ?" ಎಂದರು ಮದುಮಗನ ತಂದೆ.

ಸಾಬರು ವಾಷರನ್ನು ನೇರ ಕೂರಿಸಿ ಮುಚ್ಚಳ ಹಾಕಿ, ನನ್ನನ್ನೇ ನೋಡುತ್ತ, "ನಂದೇ ಅಂತೆ. ಬೈಯಾಕೆ ಆಮೇಲೆ ಬರ್ರಿ, ಈಗ ಹತ್ರಿ" ಎಂದರು.

ಮುಹೂರ್ತ ಸಿಕ್ಕಿತು. ಸಾಬರಿಗೆ ವಯಸ್ಸಾಯಿತು, ಇನ್ನು ಅವರ ಕೈಗೆ ಗಾಡಿ ಕೊಡಬಾರದು ಎಂದು ಆ ಯಜಮಾನರು ಊಟದ ಪಂಕ್ತಿಯುದ್ದಕ್ಕೂ ಹೇಳುತ್ತ ಬಂದರು. ನಾನು ತಲೆ ಬಗ್ಗಿಸಿ ಪಾಯಸ ಉಂಡೆ.

ವಾರದ ಮೇಲೆ ಶೆಡ್ಡಿಗೆ ಹೋದೆ. ಚಹಾ ತರಿಸಿದರು, ನನ್ನ ಮಗಳ ಬಾಣಂತನ ವಿಚಾರಿಸಿದರು.

"ಸಾಬ್ರೇ, ಅವತ್ತು ನಾನು..."

"ಚಾ ಆರ್ತೈತೆ, ಕುಡೀರಿ."

ಹೊರಡುವಾಗ, ಗಾಡಿ ಒಂಚೂರು ನೋಡ್ತೀರಾ ಎಂದೆ.

"ಕಣ್ಣು ಸರಿ ಕಾಣಲ್ಲ ರುದ್ರಣ್ಣ, ಬೇರೇರಿಗೆ ತೋರಿಸ್ರಿ" ಎಂದವರು ಪಕ್ಕದಲ್ಲಿದ್ದ ಜೀಪಿನ ಪಾಯಿಂಟಿಗೆ ಬಗ್ಗಿದರು.

ಶ್ರಾವಣದಲ್ಲಿ ಸಾಬರು ತೀರಿಕೊಂಡರು. ಅವರ ಮಣ್ಣಿಗೆ ಹೊರಟಾಗ ಕಾರು ನಮ್ಮ ಮನೆ ಮುಂದೆಯೇ ಇತ್ತು, ಸ್ಟಾರ್ಟೂ ಆಗುತ್ತಿತ್ತು. ನಾನು ಬಸ್ಸು ಹತ್ತಿದೆ.