ಸಿಸ್ಟರ್ ರುದ್ರವ್ವ

ಮಹಾಶ್ವೇತಾ ಮಾಡಿದ ತಪ್ಪು ಇಷ್ಟೇ: ಇಂಗರ್ ಸೋರೆನ್ಸನ್ ಎಂಬ ಎಂಬತ್ತಾರರ ಡೇನಿಷ್ ಮುದುಕಿಯನ್ನು ಕೆಲಸಕ್ಕೆ ಹೋದ ಮೊದಲ ದಿನವೇ "ಅವ್ವಾ" ಎಂದು ಕರೆದುಬಿಟ್ಟಳು. ಧಾರವಾಡದ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳೂ ಅವ್ವ, ಸೊಪ್ಪು ಮಾರುವವಳೂ ಅವ್ವ, ಹೆತ್ತವಳೂ ಅವ್ವ. ಆದರೆ ಇಂಗರ್ ಅರ್ಥ ಕೇಳಿದಳು. "ತಾಯಿ ಅಂತ" ಎಂದಳು ಇವಳು. ಮುದುಕಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು.

ಧಾರವಾಡದಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದ ಟೀಚರ್ ಮಹಾಶ್ವೇತಾ. ಗಂಡನ ಜೊತೆ ಸಿಡ್ನಿಗೆ ಬಂದ ಮೇಲೆ ಆ ಸರ್ಟಿಫಿಕೇಟನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಆರು ತಿಂಗಳ ಕೋರ್ಸ್ ಮಾಡಿ, ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ವಾರಕ್ಕೆ ನಾಲ್ಕು ದಿನ ತನ್ನ ಮನೆಯಿರುವ ಸ್ಕೋಫೀಲ್ಡ್ಸ್‌ನಿಂದ ಕಾರ್ಲಿಂಗ್‌ಫರ್ಡ್‌ಗೆ ಕಾರೋಡಿಸಿ ಇಂಗರಳಿಗೆ ಸ್ನಾನ, ಮಾತ್ರೆ, ಸೂಪು. ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಆ ಮನೆಯಲ್ಲಿ, ಮತದ ಕಟ್ಟಳೆಯಂತೆ, ಚಹಾ ಇಲ್ಲ, ಕಾಫಿ ಇಲ್ಲ. ಹನ್ನೊಂದು ಗಂಟೆಗೆ ಮಹಾಶ್ವೇತಾ ಕಳ್ಳಿಯಂತೆ ಹೊರಗೆ ಹೋಗಿ, ಕಾರಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದು ಬರುತ್ತಿದ್ದಳು. ಇಂಗರಳಿಗೆ ಅದು ಗೊತ್ತಿತ್ತು, ಬಾಯಿಬಿಡುತ್ತಿರಲಿಲ್ಲ.

ಮುದುಕಿಗೆ ಹೊತ್ತು ಹೋಗುತ್ತಿದ್ದುದು ಸತ್ತವರ ಜೊತೆ. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಹಿರೀಕರ ಹೆಸರು, ಹುಟ್ಟಿದ ಊರು, ಸತ್ತ ತಾರೀಖು ಬರೆಯುವುದು, ಫೋಟೊ ತೆಗೆದು ಮೆಲ್ಬರ್ನಿನ ಮಗಳು ಲೀಸ್‌ಗೆ ಕಳಿಸುವುದು. ಬರೆಯುತ್ತ ಬರೆಯುತ್ತ ಕಥೆ ಹೇಳುವುದು.

ಡೆನ್ಮಾರ್ಕಿನಲ್ಲಿ ೧೮೪೯ರಲ್ಲಿ ಹೊಸ ಸಂವಿಧಾನ ಬಂತಂತೆ, ಯಾರು ಹೇಗೆ ಬೇಕಾದರೂ ದೇವರನ್ನು ನೆನೆಯಬಹುದು ಎಂದಾಯಿತಂತೆ. ಮರುವರ್ಷವೇ ಅಮೆರಿಕದಿಂದ ಮಾರ್ಮನ್ ಬೋಧಕರು ಕೋಪನ್‌ಹೇಗನ್ನಿಗೆ ಬಂದರು. ಕಾನೂನು ಬದಲಾಗಿತ್ತು, ಊರ ಜನ ಎಲ್ಲಿ ಬದಲಾದಾರು? ಸಭೆ ಸೇರಿದಲ್ಲಿ ಗಲಾಟೆ ಎಬ್ಬಿಸಿದರು, ಕಲ್ಲು ತೂರಿದರು. ಹೊಸ ಮತ ಸೇರಿದ ಸಾವಿರಾರು ಜನ ಹಡಗು ಹತ್ತಿ ಅಮೆರಿಕದ ಯೂಟಾಕ್ಕೆ ಹೋದರು. ಉಳಿದವರು ಹಿಡಿಯಷ್ಟು. ಅವರಲ್ಲೊಬ್ಬಳು ಇಂಗರಳ ಮುತ್ತಜ್ಜಿ ಕಾರೆನ್. ಚಳಿಗಾಲದಲ್ಲಿ ಹಿನ್ನೀರಿನ ಮಂಜುಗಡ್ಡೆ ಒಡೆದು, ಅದರಲ್ಲಿ ಮುಳುಗಿ ದೀಕ್ಷೆ ಪಡೆದು ಮನೆಗೆ ಬಂದರೆ, ಅವಳ ತಾಯಿ ಮಾರೆನ್ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು. ಮುಂದೆ ತಾಯಿ ಹಾಸಿಗೆ ಹಿಡಿದಳೆಂದು ಕಾರೆನ್ ಹಡಗು ಬಿಟ್ಟು ಊರಲ್ಲೇ ಉಳಿದಳು. ದಿನಾ ಹೋಗಿ ಹೊಸ್ತಿಲಲ್ಲಿ ಗಂಜಿ ಇಟ್ಟು ಬರುತ್ತಿದ್ದಳು. ಮಾರೆನ್ ಸಾಯುವ ತನಕ ಬಾಗಿಲು ತೆರೆಯಲಿಲ್ಲ.

"ಕೊನೆಗೆ ನಾನು ತೆರೆಸಿದೆ" ಎಂದು ಇಂಗರ್ ನಕ್ಕಳು. ಮಹಾಶ್ವೇತಾಳಿಗೆ ಅದು ಅರ್ಥವಾಗಲಿಲ್ಲ, ಕೇಳುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಹೊಸ್ತಿಲ ಗಂಜಿಯ ಮಾತಿಗೇ ಅವಳ ಮನಸ್ಸು ಊರಿಗೆ ಹೋಗಿತ್ತು. ಅವಳ ಹೆತ್ತವ್ವ ರುದ್ರವ್ವ ತೀರಿಕೊಂಡದ್ದು ಕೊರೋನಾ ಕಾಲದಲ್ಲಿ, ೨೦೨೧ರ ಜೂನ್‌ನಲ್ಲಿ. ವಿಮಾನವಿಲ್ಲ, ಗಡಿ ಬಂದ್. ತಾಯಿಯನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಸುರಿದು ಮಣ್ಣು ಮಾಡಿದ್ದನ್ನು ಇವಳು ಫೋನಿನಲ್ಲಿ ನೋಡಿದಳು.

"ನನಗೆ ಹೋಗೋಕಾಗ್ಲಿಲ್ಲ ಅವ್ವಾ" ಎಂದು ಬಿಕ್ಕಿದಳು.

ಇಂಗರ್ ನೋಟ್‌ಬುಕ್ ತೆರೆದು ರುದ್ರವ್ವನ ಹೆಸರು, ಊರು, ತಾರೀಖು ಕೇಳಿದಳು. ಪ್ರಾರ್ಥನೆಗೆ ಇರಬೇಕೆಂದುಕೊಂಡು ಇವಳು ಎಲ್ಲವನ್ನೂ ಹೇಳಿದಳು. ಹಳೇ ಟೀಚರಲ್ಲವೇ, ಸ್ಪೆಲಿಂಗನ್ನೂ ತಿದ್ದಿಕೊಟ್ಟಳು.

ಎರಡು ವಾರ ಕಳೆದು ಒಂದು ಗುರುವಾರ, ಸೂಪು ಕುಡಿಯುತ್ತ ಮುದುಕಿ ಖುಷಿಯಿಂದ ಹೇಳಿದಳು: "ಶನಿವಾರ ನಿನ್ನ ತಾಯಿಯ ದೀಕ್ಷೆ. ಮೆಲ್ಬರ್ನಿನ ಟೆಂಪಲ್‌ನಲ್ಲಿ ಅವಳ ಹೆಸರಲ್ಲಿ ಲೀಸ್ ನೀರಿಗಿಳಿಯುತ್ತಾಳೆ."

ಆಗ ಗೊತ್ತಾಯಿತು. ಸತ್ತ ಸಂಬಂಧಿಕರ ಪರವಾಗಿ ಬದುಕಿರುವವರು ನೀರಲ್ಲಿ ಮುಳುಗಿ ಅವರಿಗೆ ದೀಕ್ಷೆ ಕೊಡಿಸುವುದು ಇವರ ಪದ್ಧತಿ. ಡೆನ್ಮಾರ್ಕಿನಲ್ಲಿ ಇವರ ಟೆಂಪಲ್ ಇಲ್ಲದ ಕಾಲದಲ್ಲಿ, ಹದಿನೇಳರ ಇಂಗರ್ ರೈಲಿನಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ ಮಾರೆನ್ ಹೆಸರಲ್ಲಿ ಮುಳುಗಿ ಬಂದಿದ್ದಳು. ಬಾಗಿಲು ತೆರೆಸಿದ್ದೆಂದರೆ ಅದು.

"ಸ್ವಂತ ಸಂಬಂಧಿಕರಿಗೆ ಮಾತ್ರ ಅಲ್ವಾ ಇದು?" ಮಹಾಶ್ವೇತಾ ಕೇಳಿದಳು.

"ಹೌದು. ನೀನು ನನ್ನನ್ನೂ ಅವ್ವ ಅಂತೀಯ, ಅವಳನ್ನೂ ಅವ್ವ ಅಂತೀಯ. ಅಂದಮೇಲೆ ನಾವು ಅಕ್ಕತಂಗಿಯರಲ್ವಾ? ಚರ್ಚಿನಲ್ಲೂ ನಾವು ಹೆಂಗಸರೆಲ್ಲ ಸಿಸ್ಟರ್‌ಗಳೇ. ಸಿಸ್ಟರ್ ರುದ್ರವ್ವ ಅಂತ ಬರೆದೆ. ಹೆದರಬೇಡ, ಇಷ್ಟವಿಲ್ಲದಿದ್ದರೆ ಅವಳು ಒಲ್ಲೆ ಅನ್ನಬಹುದು. ಸತ್ತವರಿಗೂ ಆ ಹಕ್ಕಿದೆ."

ಮಹಾಶ್ವೇತಾ ಹೆದರಿದ್ದು ಈ ಕೊನೆಯ ಮಾತಿಗೇ. ರುದ್ರವ್ವ ಜನ್ಮದಲ್ಲಿ ಯಾರಿಗೂ ಒಲ್ಲೆ ಎಂದವಳಲ್ಲ. ಯಾರೇನು ಕೊಟ್ಟರೂ ಅವರ ಮನಸ್ಸು ನೋಯಬಾರದೆಂದು ಎರಡೂ ಕೈ ಚಾಚುವ ಹೆಂಗಸು. ಅಲ್ಲೂ ಹಾಗೇ ತಲೆಯಾಡಿಸಿಬಿಟ್ಟರೆ? ಅಂಗೈಯಲ್ಲಿನ ಲಿಂಗದ ಗತಿಯೇನು?

ಮುದುಕಿಯ ಖುಷಿ ಕೆಡಿಸಲಾರದೆ ಲೀಸ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜ್ ಹಾಕಿದಳು, ಉತ್ತರವಿಲ್ಲ. ಮನೆಯಲ್ಲಿ ಮಗಳು ಸಂಯುಕ್ತಾ, "ಇಟ್ಸ್ ಜಸ್ಟ್ ಎ ನೇಮ್, ಅಮ್ಮಾ" ಎಂದು ಕೈತೊಳೆದುಕೊಂಡಳು. ಶುಕ್ರವಾರ ಬೆಳಿಗ್ಗೆ ಮಹಾಶ್ವೇತಾ ಬೇಕೆಂದೇ "ಮಿಸೆಸ್ ಸೋರೆನ್ಸನ್" ಎಂದು ಕರೆದಳು. ಇಂಗರಳ ಕೈಯ ಚಮಚ ನಿಂತಿತು.

ಅಂದೇ ಮೆಲ್ಬರ್ನಿಗೆ ಟಿಕೆಟ್ ಇತ್ತು. ಅಲ್ಲಿನ ಟಾರ್ನೀಟ್‌ನಲ್ಲಿ ತಮ್ಮ ಸಂಜು ಕಟ್ಟಿಸಿದ ಮನೆಯ ಗೃಹಪ್ರವೇಶ ಭಾನುವಾರ. ವಿಮಾನ ಇಳಿಯುವಷ್ಟರಲ್ಲಿ ಲೀಸ್ ಉತ್ತರ ಬಂದಿತ್ತು: ನಾಳೆ ಹತ್ತಕ್ಕೆ ಟೆಂಪಲ್, ಆಮೇಲೆ ಮಾತಾಡೋಣ. ಆಮೇಲೆ ಮಾತಾಡಿ ಏನು ಮಾಡುವುದು?

ಬೆಳಿಗ್ಗೆ ಹೂವು ತರಬೇಕೆಂದು ಸುಳ್ಳು ಹೇಳಿ ಹೊರಟರೆ, ಸಂಜು ತಾನೇ ಕಾರು ತೆಗೆದ. ಊರಿನ ಆ ತುದಿಯಲ್ಲಿ ಟೆಂಪಲ್ ಇರುವ ವಾಂಟಿರ್ನಾಕ್ಕೆ ಹೂವಿಗೆ ಯಾರು ಹೋಗುತ್ತಾರೆ? ಅರ್ಧ ದಾರಿಯಲ್ಲಿ ಎಲ್ಲವನ್ನೂ ಒದರಿಬಿಟ್ಟಳು.

"ಅವ್ವನ ಹೆಸರು ಕೊಟ್ಟೀಯಾ? ತಲಿ ಗಿಲಿ ಕೆಟ್ಟೈತೇನ ಅಕ್ಕಾ ನಿನಗ?" ಸಂಜು ಸ್ಟೀರಿಂಗ್ ಗುದ್ದಿದ.

"ಪ್ರಾರ್ಥನಾಕ್ಕ ಅಂತ ತಿಳದಿದ್ನೋ. ಲಗೂ ನಡಿ, ಹತ್ತಕ್ಕ ಅರ್ಧಾ ತಾಸ ಐತಿ."

ಕಾರ್ ಪಾರ್ಕಿನಲ್ಲಿ ಬ್ಯಾಗು ಹಿಡಿದು ಬಾಗಿಲ ಕಡೆ ಹೊರಟಿದ್ದ ಲೀಸಳನ್ನು, ಇಂಗರಳ ಮನೆಯ ಫೋಟೊದಲ್ಲಿ ನೋಡಿದ್ದ ಗುರುತಿನ ಮೇಲೆ, ಮಹಾಶ್ವೇತಾ ಓಡಿಹೋಗಿ ತಡೆದಳು. ಏದುಸಿರಿನಲ್ಲೇ ಹೇಳಿದಳು. ಲೀಸ್ ಕೆಂಪಾದಳು. ಅಮ್ಮ ಒಮ್ಮೆಗೇ ನಲವತ್ತು ಹೆಸರು ಕಳಿಸಿದ್ದಳು, ಸಿಸ್ಟರ್ ಅಂತಿತ್ತು, ನಾನು ನೋಡದೇ ಪ್ರಿಂಟ್ ಮಾಡಿದೆ, ರಕ್ತಸಂಬಂಧ ಇಲ್ಲದವರ ಹೆಸರು ಕೊಡುವಂತಿಲ್ಲ, ಕ್ಷಮಿಸಿ ಎಂದಳು. ಬ್ಯಾಗಿನಿಂದ ಒಂದು ಗುಲಾಬಿ ಚೀಟಿ ಹುಡುಕಿ ಕೊಟ್ಟಳು. ರುದ್ರವ್ವನ ಹೆಸರು ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು.

ವಾಪಸು ಬರುವಾಗ ಸಂಜು ಕೇಳಿದ: "ಆಕಿ ಯಾಕ ಬರಕೊಂಡ್ಳು ಅವ್ವನ ಹೆಸರು?"

"ನನಗ ಹೋಗಾಕ ಆಗ್ಲಿಲ್ಲ ಅಂತ ಅತ್ತಿದ್ನೆಪಾ."

"ಗಡಿ ತೆಗದು ನಾಕ್ ವರ್ಷ ಆತು. ನಾ ಎರಡ ಸಲ ಹೋಗಿ ಸಮಾಧಿಗೆ ಪತ್ರಿ ಏರಿಸಿ ಬಂದೆ. ನೀ ಯಾಕ ಹೋಗಿಲ್ಲ?"

ರಜೆ ಸಿಗಲಿಲ್ಲ, ಸಂಯುಕ್ತಾಳ ಪರೀಕ್ಷೆ ಎಂಬುದೆಲ್ಲ ನೆಪ. ಅವಳನ್ನು ತಡೆದದ್ದು, ಊರಿಗೆ ಹೋದರೆ ಅವ್ವ ನಿಜವಾಗಿ ಸತ್ತಂತಾಗುತ್ತದೆ ಎಂಬ ಅಂಜಿಕೆ. ಈ ಮೂರು ದಿನ ಕಾಡುತ್ತಿದ್ದುದೂ ಲಿಂಗದ ಚಿಂತೆಯಲ್ಲ, ಅದೇ ಅಂಜಿಕೆ. ನೀರಿಗಿಳಿಯಲು ಹೊರಟವಳು ಅವ್ವನನ್ನು ಕಂಡೇ ಇರದ ಲೀಸ್. ಹೆತ್ತ ಮಗಳು ಒಂದು ಎಸಳು ಪತ್ರಿಯನ್ನೂ ಇಟ್ಟಿರಲಿಲ್ಲ.

ಸೋಮವಾರ ಇಂಗರ್ ಕಿಟಕಿಯ ಹತ್ತಿರ ಕೂತಿದ್ದಳು. ಮಡಿಲಲ್ಲಿ ನೋಟ್‌ಬುಕ್. ಲೀಸ್ ಫೋನ್ ಮಾಡಿರಬೇಕು, ರುದ್ರವ್ವನ ಹೆಸರಿನ ಮೇಲೆ ನಡುಗುವ ಗೆರೆ ಎಳೆದಿತ್ತು.

"ನನ್ನ ತಪ್ಪು" ಎಂದಳು. "ಹೋಗೋಕಾಗಲಿಲ್ಲ ಅಂತ ನೀನು ಅತ್ತೆ. ನಿನ್ನ ಬದಲು ನಮ್ಮವರು ಯಾರಾದರೂ ಹೋಗಲಿ ಅಂದುಕೊಂಡೆ."

ಮಹಾಶ್ವೇತಾ ಅವಳ ಕಾಲ ಬಳಿ ಕೂತು ಸಾಕ್ಸ್ ಸರಿಮಾಡಿದಳು. "ಡಿಸೆಂಬರ್‌ಗೆ ಟಿಕೆಟ್ ಬುಕ್ ಮಾಡಿದೆ. ನಾನೇ ಹೋಗ್ತೀನಿ" ಎಂದಳು.

ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಹೋದಾಗ ಅವಳಿಗೆ ಹೇಳು, ಸಿಸ್ಟರ್ ಕೇಳಿದಳು ಅಂತ."

"ಹೇಳ್ತೀನಿ, ಅವ್ವಾ."