ಎಲೆಂಡ್ ಮತ್ತು ಉಡಿಯಕ್ಕಿ

ನಮ್ಮ ಕಡೆ ಬೈಗುಳಕ್ಕೂ ಮರುಕಕ್ಕೂ ಒಂದೇ ಶಬ್ದ ಸಾಕಾಗುತ್ತದೆ: ಪರದೇಶಿ. ಮೈಗಳ್ಳನಿಗೂ ಪರದೇಶಿ ಎನ್ನುತ್ತೇವೆ, ತಾಯಿ ಸತ್ತ ಕೂಸಿಗೂ ಪರದೇಶಿ ಎನ್ನುತ್ತೇವೆ. ನನ್ನ ಬಾಯಲ್ಲೂ ಅದು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಆ ಶಬ್ದದೊಳಗೆ ಒಂದು ದೇಶ ಕೂತಿದೆ ಎಂದು ತೋರಿಸಿಕೊಟ್ಟವರು ಜರ್ಮನಿಯಿಂದ ಬಂದಿದ್ದ ಒಬ್ಬ ನರ್ಸ್.

ಬೆಟಗೇರಿಯ ಮಿಷನ್ ದವಾಖಾನೆಯಲ್ಲಿ ಅವರು ಹೆರಿಗೆ ನೋಡುತ್ತಿದ್ದರು. ಓಣಿಯವರೆಲ್ಲ ಅಕ್ಕೋರು ಎಂದು ಕರೆಯುತ್ತಿದ್ದೆವು. ನಾವು ನೇಕಾರರು, ನನ್ನನ್ನು ಅವ್ವನ ಹೊಟ್ಟೆಯಿಂದ ಹೊರಗೆ ತೆಗೆದದ್ದೂ ಅವರೇ. ದೊಡ್ಡವಳಾದ ಮೇಲೆ ನಾನು ಅವರ ಕೈಕೆಳಗೇ ನರ್ಸಿನ ಕೆಲಸ ಕಲಿಯಲು ಸೇರಿದೆ. ಅಷ್ಟು ಹೊತ್ತಿಗೆ ಅವರ ಕನ್ನಡ ನಮ್ಮ ಓಣಿಯ ಕನ್ನಡವೇ ಆಗಿತ್ತು. ಬಾಣಂತಿಯ ಕೋಣೆಯ ಬಾಗಿಲಲ್ಲಿ ಬೀಡಿ ಸೇದುವ ಗಂಡಸರಿಗೆ ಅವರು ಬೈಯುವುದನ್ನು ಕೇಳಿದರೆ, ಕಣ್ಣು ಮುಚ್ಚಿಕೊಂಡವರು ನಮ್ಮ ಸೋದರತ್ತೆ ಎಂದೇ ತಿಳಿಯಬೇಕು.

ಸ್ವಾತಂತ್ರ್ಯ ಬಂದ ಹೊಸತು. ನಮ್ಮ ಸೀಮೆಯೋ ಹರಿದ ಸೀರೆ. ಗದಗ ಮುಂಬಯಿ ಸರಕಾರದ್ದು, ಲಕ್ಷ್ಮೇಶ್ವರ ಶಿರಹಟ್ಟಿಗಳು ಮೊನ್ನೆ ಮೊನ್ನೆಯವರೆಗೆ ಬೇರೆ ಬೇರೆ ಅರಸರವು, ಮುಂಡರಗಿಯ ಆಚೆಗೆ ಹೈದರಾಬಾದ್ ಸಂಸ್ಥಾನ. ಅಲ್ಲಿಯ ಗದ್ದಲಕ್ಕೆ ಹೆದರಿ ಜನ ಗಂಟುಮೂಟೆ ಹೊತ್ತು ಗಡಿ ದಾಟಿ ಮುಂಡರಗಿಗೆ ಬರುತ್ತಿದ್ದರು. ಅವರಿಗೆ ಔಷಧ ಕೊಡಲು ಅಕ್ಕೋರು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಒಂದು ಮರದ ಕೆಳಗೆ ಜ್ವರದಲ್ಲಿ ಬಿದ್ದಿದ್ದ ಮುದುಕಿಯನ್ನು ತೋರಿಸಿ, ಈಕೆ ಪರದೇಶಿ, ಮೊದಲು ಈಕೆಯನ್ನು ನೋಡ್ರಿ ಎಂದೆ.

ಹಾಗೆಂದರೇನು ಎಂದು ಅವರು ಕೇಳಿದರು. ಹಿಂದುಮುಂದೆ ಯಾರೂ ಇಲ್ಲದವಳು ಎಂದೆ. ಅದರಲ್ಲಿ ದೇಶ ಯಾಕೆ ಬಂತು ಎಂದು ಮತ್ತೆ ಕೇಳಿದರು. ನಾನು ಎಂದೂ ಯೋಚಿಸದ ಮಾತು. ಬೇರೆ ದೇಶದವರನ್ನೂ ಹಾಗೇ ಅನ್ನುತ್ತಾರೆ, ಅದಕ್ಕಿರಬೇಕು ಎಂದೆ. ಅವರು ಮುದುಕಿಯ ನಾಡಿ ಹಿಡಿದು ಎಣಿಸತೊಡಗಿದರು.

ತಿರುಗಿ ಬರುವಾಗ ಚಕ್ಕಡಿಯಲ್ಲಿ ಅವರಾಗಿಯೇ ಹೇಳತೊಡಗಿದರು. ಅವರ ಭಾಷೆಯಲ್ಲಿ ಎಲೆಂಡ್ ಎಂಬ ಶಬ್ದವಿದೆಯಂತೆ. ಈಗ ಅದಕ್ಕೆ ದುರ್ಗತಿ, ಯಾರಿಗೂ ಬೇಡವಾದ ಬಾಳು ಎಂದಷ್ಟೇ ಅರ್ಥ. ಆದರೆ ಸಾವಿರ ವರ್ಷದ ಹಿಂದೆ ಅದು ಎರಡು ಶಬ್ದ ಕೂಡಿ ಆದದ್ದು: ‘ಬೇರೆ’ ಮತ್ತು ‘ನಾಡು’. ಆಗ ಊರಿನಿಂದ ಹೊರಹಾಕಿಸಿಕೊಂಡವನು ಇರುವ ಜಾಗಕ್ಕೆ ಆ ಹೆಸರಿತ್ತು. ಬರಬರುತ್ತ ಅವನ ದುಃಖಕ್ಕೇ ಆ ಹೆಸರಾಯಿತು. ಡಚ್ಚರಲ್ಲಿ ಅದು ಎಲೆಂಡೆ, ಸ್ವೀಡನ್ನಿನವರಲ್ಲಿಯೂ ಹೆಚ್ಚುಕಡಿಮೆ ಹಾಗೇ. ಆ ಅಕ್ಕತಂಗಿ ಭಾಷೆಗಳಲ್ಲೆಲ್ಲ ಪರನಾಡು ಹೋಗಿ ಸಂಕಟ ಉಳಿದುಕೊಂಡಿದೆ. ಇಂಗ್ಲಿಷಿನವರಲ್ಲಿಯೂ ಒಂದು ಕಾಲಕ್ಕೆ ಇದೇ ಶಬ್ದವಿತ್ತು, ಕಳೆದುಕೊಂಡರು ಎಂದರು. ಹೋದ ಹೋದ ಊರನ್ನೆಲ್ಲ ತಮ್ಮದೇ ಅಂದುಕೊಂಡವರಿಗೆ ಅದು ಯಾಕೆ ಬೇಕು ಎಂದು ನಾನು ಅಂದಾಗ ಚಕ್ಕಡಿಯವನೂ ನಕ್ಕ. ಅಕ್ಕೋರು ನಗಲಿಲ್ಲ.

“ಖರೆ ಅಂದ್ರ ನಾನೂ ಪರದೇಶಿನ ಲೇ,” ಎಂದರು. “ನಮ್ಮೂರು ಈಗ ಜರ್ಮನಿಯೊಳಗ ಇಲ್ಲ.”

ಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ಸರಕಾರ ಅವರನ್ನು ಶತ್ರುದೇಶದವರೆಂದು ದೂರದ ಶಿಬಿರವೊಂದರಲ್ಲಿ ಕೂಡಿಹಾಕಿತ್ತು. ಬಿಟ್ಟು ಬರುವಷ್ಟರಲ್ಲಿ ಅವರ ಊರು ಗೆದ್ದವರು ಎಳೆದ ಗೆರೆಯ ಆಚೆಗೆ ಹೋಗಿತ್ತು. ಊರಿಗೆ ಹೊಸ ಹೆಸರು ಬಂದಿತ್ತು. ಮನೆಯಲ್ಲಿ ಬೇರೆ ಯಾರೋ ಒಲೆ ಹಚ್ಚುತ್ತಿದ್ದರು. ಅಣ್ಣತಮ್ಮಂದಿರ ಖಬರಿಲ್ಲ. ಇಷ್ಟನ್ನೂ ಇಟ್ಟುಕೊಂಡು ಈ ಹೆಂಗಸು ದಿನಾ ನಮ್ಮ ಕೂಸುಗಳಿಗೆ ನೀರೆರೆಯುತ್ತಿದ್ದಳಲ್ಲ ಎಂದುಕೊಂಡೆ.

ಏಕೀಕರಣವಾದಾಗ ಬೆಟಗೇರಿಯ ಓಣಿ ಓಣಿಯಲ್ಲೂ ಹಣತೆ ಹಚ್ಚಿದೆವು. ನಮ್ಮ ಗೆರೆಗಳು ಅಳಿಸಿದ್ದವು. ಮುಂಡರಗಿಯ ಆಚೆಯವರೂ ನಮ್ಮವರಾದರು. ಅಕ್ಕೋರೂ ತಮ್ಮ ಕಿಟಕಿಯಲ್ಲಿ ಒಂದು ದೀಪ ಇಟ್ಟರು. ಅದಾಗಿ ಕೆಲವೇ ತಿಂಗಳಿಗೆ, ವಯಸ್ಸಾಯಿತು, ಮನೆಗೆ ಮರಳಬಹುದು ಎಂದು ಅವರ ದೇಶದ ಮಿಷನ್ ಹಿರಿಯರಿಂದ ಅಪ್ಪಣೆ ಬಂತು. ಮನೆ ಎಂದರೆ ಅವರು ಎಂದೂ ಕಾಣದ ಒಂದು ಊರಿನ ವೃದ್ಧಾಶ್ರಮ. ಇಲ್ಲೇ ಇರುತ್ತೇನೆ, ದವಾಖಾನೆಯ ಹಿಂದಿನ ಖೋಲಿ ಸಾಕು, ಪಗಾರ ಬೇಡ ಎಂದು ಅವರು ಬೇಡಿಕೊಂಡರು. ಹಿರಿಯರು ಒಪ್ಪಲಿಲ್ಲ. ದೂರದಲ್ಲಿ ಕೂತು ಇನ್ನೊಬ್ಬರ ಮನೆ ಯಾವುದೆಂದು ತೀರ್ಮಾನಿಸುವವರ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೊರಡುವ ದಿನ ಅವ್ವ ಅವರನ್ನು ಮನೆಗೆ ಕರೆದು ಮಣೆ ಹಾಕಿ ಕೂರಿಸಿದಳು. ತವರಿನಿಂದ ಹೊರಟ ಮಗಳಿಗೆ ಮಾಡುವಂತೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ನಮ್ಮ ಮಗ್ಗದ್ದೇ ಒಂದು ಕುಪ್ಪಸದ ಖಣ ತಂದಿಟ್ಟಳು. ಮದುವೆಯಿಲ್ಲ, ಕುಂಕುಮವಿಲ್ಲ, ಅವಳಿಗೆ ಎಂಥ ಉಡಿ ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು.

“ಅಕಿ ನನ್ನ ಕೂಸಿಗೆ ಮೊದಲ ಕೈ ಹಚ್ಚಿದಾಕಿ,” ಎಂದಳು ಅವ್ವ. “ಅಕಿಗೆ ಬಿಟ್ಟು ಯಾರಿಗೆ ತುಂಬಲಿ?”

ಉಡಿ ತುಂಬುವಾಗ ಸೆರಗು ಒಡ್ಡಬೇಕು. ಅಕ್ಕೋರಿಗೆ ಸೆರಗೆಲ್ಲಿಯದು? ಒಂದು ಗಳಿಗೆ ತಡಬಡಿಸಿ, ಚೀಲದಿಂದ ತಮ್ಮ ಬಿಳಿ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಅದನ್ನೇ ಒಡ್ಡಿದರು. ಎಷ್ಟೋ ಕೂಸುಗಳ ನೆತ್ತರು ಒರೆಸಿದ ಏಪ್ರನ್ ಅದು. ತವರು ಬರಿದಾಗಬಾರದೆಂದು ಒಂದು ಹಿಡಿ ಅಕ್ಕಿಯನ್ನು ಮಗಳು ಬಿಟ್ಟುಹೋಗಬೇಕು; ಅದನ್ನೂ ಬಿಟ್ಟರು. ಅವ್ವ ಅದನ್ನು ದೇವರ ಜಗಲಿಯ ಮೇಲೆ ಗಡಿಗೆಯಲ್ಲಿ ಹಾಕಿಟ್ಟಳು.

“ಮನಿ ಮುಟ್ಟಿದ ಮ್ಯಾಲ ಈ ಅಕ್ಕಿ ಬೆಲ್ಲದಾಗ ಕುದಿಸಿ ನಾಕು ಮಂದಿಗೆ ಹಾಕಿ ಉಣ್ರಿ,” ಎಂದು ಹೇಳಿದಳು. ಅಕ್ಕೋರು ಏಪ್ರನ್ನಿನ ತುದಿಗಳನ್ನು ಬಿಗಿದು ಗಂಟು ಹಾಕಿದರು. ಗದಗ ಸ್ಟೇಷನ್ನಿನಲ್ಲಿ ರೈಲು ಹೊರಟಾಗಲೂ ಆ ಗಂಟು ಅವರ ಮಡಿಲಲ್ಲೇ ಇತ್ತು.

ಕೆಲವು ವರ್ಷಗಳ ಮೇಲೆ ಜರ್ಮನಿಯಿಂದ ಒಬ್ಬ ಹೊಸ ನರ್ಸ್ ಬಂದಳು. ಅಕ್ಕೋರು ತೀರಿಹೋದ ಸುದ್ದಿ ತಂದವಳು ಅವಳೇ. ಅವರ ಬೀರುವಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯಿತ್ತಂತೆ. ಹುಳು ಬಿದ್ದಿದೆ, ಎಸೆಯಿರಿ ಎಂದು ಆಶ್ರಮದವರು ಎಷ್ಟು ಸಲ ಹೇಳಿದರೂ, ಇದನ್ನು ಮನೆ ಮುಟ್ಟಿದ ಮೇಲೆ ಬೇಯಿಸಬೇಕು ಎಂದೇ ಅಕ್ಕೋರು ಅನ್ನುತ್ತಿದ್ದರಂತೆ. ಮನೆಯಲ್ಲೇ ಇದ್ದು ಹಾಗೇಕೆ ಅನ್ನುತ್ತಿದ್ದರೋ ತಿಳಿಯಲಿಲ್ಲ, ಮುದಿತನಕ್ಕೆ ಮರುಳಾಗಿರಬೇಕು ಎಂದಳು ಆ ಹುಡುಗಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮಗ್ಗದಿಂದ ಎದ್ದು, ಜಗಲಿಯ ಮೇಲಿನ ಗಡಿಗೆ ಇಳಿಸಿ, ಆ ಒಂದು ಹಿಡಿ ಅಕ್ಕಿಯ ಹುಳು ಆರಿಸಿ, ಮನೆಯ ಅಕ್ಕಿಯ ಜೊತೆ ಬೆರೆಸಿ, ಬೆಲ್ಲ ಹಾಕಿ ಒಲೆಯ ಮೇಲಿಟ್ಟಳು. ಮೂಗು ಮುರಿದಿದ್ದ ಪಕ್ಕದ ಮನೆಯಾಕೆಯೂ ಸೇರಿ ನಾಲ್ಕು ಮಂದಿ ಬಂದು ಕುಳಿತರು. ಅವ್ವ ಇನ್ನೊಂದು ಎಲೆ ಹೆಚ್ಚಿಗೆ ಹಾಸಿ, ಮೊದಲು ಅದಕ್ಕೇ ಬಡಿಸಿದಳು.

“ಮನಿ ಮುಟ್ಟಿದ್ರಿ,” ಎಂದಳು. “ಉಣ್ರಿ.”