ಗಾದಿಯ ಮೇಲಿಂದ ಬಂದ ಮಾತು

ಹುಕ್ಕೇರಿ ಕಡೆಯ ಹಳೆಯ ಸಂಸ್ಥಾನಿಕರ ವಾಡೆಗೆ ದಸರೆಯ ಫೋಟೋ ತೆಗೆಯಲು ಹೋಗಿದ್ದೆ. ಧಣಿಗಳು ಬನ್ನಿ ಮುಡಿಯಲು ಹೊರಗೆ ಹೋಗಿದ್ದರು. ಬೆಳಕು ನೋಡುವ ನೆಪ ಮಾಡಿ, ಅಲ್ಲಿದ್ದ ಜರಿ ರುಮಾಲು ಸುತ್ತಿಕೊಂಡು ಅವರ ಗಾದಿಯ ಮೇಲೆ ಕೂತೆ. ಮೀಸೆ ಮೊದಲೇ ಇತ್ತಲ್ಲ!

ಕಣ್ಣು ಮಂಜಾದ ಅಜ್ಜಿಯೊಬ್ಬಳು ಬಂದು ನನ್ನ ಕೈಗೆ ಬನ್ನಿ ಕೊಟ್ಟಳು. "ಧಣ್ಯಾರ, ಬಂಗಾರದಂಗ ಇರೂಣ್ರಿ. ಮೊಮ್ಮಗಳ ಲಗ್ನಕ್ಕ ಹಂದ್ರ ಹಾಕಾಕ ನಮ್ಮ ಮನಿ ಮುಂದ ಜಾಗಾ ಇಲ್ರಿ. ನಿಮ್ಮ ಅಂಗಳಾ ಕೊಡ್ರಿ."

"ತಗೋ ಆಯಿ, ಊಟಾನೂ ನಮ್ದ!" ಎಂದುಬಿಟ್ಟೆ.

ಬಾಗಿಲಲ್ಲಿ ಖರೆ ಧಣಿಗಳು ಕೆಮ್ಮಿದರು. ದನಿಯ ಗುರುತು ಹಿಡಿದ ಅಜ್ಜಿಯ ಮುಖ ಬಾಡಿತು. "ಹಂಗಾರ ಅಂಗಳಾ ಇಲ್ಲೇನ್ರಿ?"

"ಐತಿ ಆಯಿ. ಗಾದಿ ಮ್ಯಾಲಿಂದ ಬಂದ ಮಾತು ಹಿಂದ ತಗೊಳ್ಳಾಂಗಿಲ್ಲ. ಅಂಗಳಾ ನಂದು," ಎಂದವರು ನನ್ನತ್ತ ತಿರುಗಿದರು. "ಊಟ ಈ ಮಹಾರಾಜರದು."

ಲಗ್ನದಲ್ಲಿ ಇಡೀ ಓಣಿ ಹುಗ್ಗಿ ಉಂಡಿತು. ಆಳಿದ್ದು ಐದೇ ನಿಮಿಷವಾದರೂ ಪ್ರಜೆಗಳನ್ನು ಹಸಿದು ಮಲಗಲು ಬಿಡಲಿಲ್ಲ ನೋಡಿ.